ಪಥ್ಯದ ತಟ್ಟೆಗೆ ಬೆರಿಹಣ್ಣು

ಲಂಡನ್ನಿನಲ್ಲಿ ಶವಸಂಸ್ಕಾರದ ಏರ್ಪಾಡನ್ನು ವೃತ್ತಿಯಾಗಿ ನಡೆಸಿದ್ದ ವಿಲಿಯಂ ಬ್ಯಾಂಟಿಂಗ್ ಎಂಬಾತನು ತನ್ನ ಸ್ಥೂಲಕಾಯದಿಂದ ಬಹುವಾಗಿ ನೊಂದು, ವೈದ್ಯ ವಿಲಿಯಂ ಹಾರ್ವೆಯ ಸಲಹೆಯಂತೆ ಸಕ್ಕರೆ, ಆಲೂಗಡ್ಡೆ, ಬಿಯರುಗಳನ್ನು ವರ್ಜಿಸಿ, ಬ್ರೆಡ್ಡನ್ನು ಬಹುಪಾಲು ತಗ್ಗಿಸಿ ಮೈ ಇಳಿಸಿಕೊಂಡ ವೃತ್ತಾಂತವನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಪ್ರಕಟಿಸಿದನು. ಇಂದು ಬಹುಜನರು ಕೈಗೊಳ್ಳುತ್ತಿರುವ ಅಲ್ಪ ಶರ್ಕರಪಿಷ್ಟದ ಆಹಾರಕ್ರಮಗಳಿಗೆ ಪೂರ್ವಜನೆನ್ನಬಹುದಾದ ಆ ಪಥ್ಯದಲ್ಲಿಯೂ ಸಂಜೆಯ ಚಹದೊಡನೆ ಎರಡು ಮೂರು ಔನ್ಸು, ಎಂದರೆ ಸುಮಾರು 60ರಿಂದ 85 ಗ್ರಾಂ ಹಣ್ಣಿಗೆ ಸ್ಥಾನವಿದ್ದಿತು. ಹಣ್ಣನ್ನು ನಿಷೇಧಿಸದೆ, ತೂಕದ ಮಿತಿಯೊಳಗಿಟ್ಟ ಆ ಕ್ರಮವು ವಿವೇಕಯುತವಾದುದೆಂದೇ ನನ್ನ ಭಾವನೆ.

ಕಟ್ಟುನಿಟ್ಟಾದ ಕೀಟೋ ಪಥ್ಯದಲ್ಲಿ ದಿನವೊಂದಕ್ಕೆ ಸಾಮಾನ್ಯವಾಗಿ 20ರಿಂದ 50 ಗ್ರಾಂ ಶರ್ಕರಪಿಷ್ಟಕ್ಕೆ ಮಾತ್ರ ಅವಕಾಶ. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿಯೇ ಸುಮಾರು 27 ಗ್ರಾಂ ಇರುವುದರಿಂದ, ಅದೊಂದನ್ನು ತಿಂದವನಿಗೆ ಆ ದಿನದ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅದರಲ್ಲಿಯೇ ತೀರಿಹೋಗುತ್ತದೆ. ಪಥ್ಯದಲ್ಲಿರುವವರು ಬೆರಿಹಣ್ಣುಗಳತ್ತ ಒಲಿಯುವುದಕ್ಕೆ ಕಾರಣವಿದೇ. ಆದರೆ ಬೆರಿಗಳೆಲ್ಲವೂ ಒಂದೇ ಗುಣದವೆಂದು ಭಾವಿಸಿ ಕೈಗೆ ಸಿಕ್ಕಿದುದನ್ನು ಬಟ್ಟಲು ತುಂಬಿಕೊಳ್ಳುವುದು ಸಲ್ಲದು.

ಹಣ್ಣಿನಲ್ಲಿರುವ ಒಟ್ಟು ಶರ್ಕರಪಿಷ್ಟದಲ್ಲಿ ಒಂದಂಶವು ನಾರು. ಅದು ಸಣ್ಣಕರುಳಿನಲ್ಲಿ ಜೀರ್ಣವಾಗಿ ಸಕ್ಕರೆಯಾಗಿ ರಕ್ತವನ್ನು ಸೇರತಕ್ಕ ವಸ್ತುವಲ್ಲ. ಆದುದರಿಂದ ನಾರನ್ನು ಕಳೆದು ಉಳಿದುದನ್ನೇ ಲೆಕ್ಕಕ್ಕೆ ಹಿಡಿಯುವುದು ವಾಡಿಕೆ. ಈ ದೃಷ್ಟಿಯಿಂದ ರಾಸ್ಪ್‌ಬೆರಿಯ ರಚನೆಯನ್ನು ಪರಿಶೀಲಿಸುವುದು ಬೋಧಪ್ರದವಾಗಿದೆ. ಅದು ಒಂದೇ ಹಣ್ಣಿನಂತೆ ತೋರಿದರೂ, ವಸ್ತುತಃ ಹತ್ತಾರು ಕಿರುಹಣ್ಣುಗಳು ಒತ್ತೊತ್ತಾಗಿ ಕೂಡಿದ ಗೊಂಚಲು. ಪ್ರತಿಯೊಂದು ಕಿರುಹಣ್ಣಿಗೂ ತನ್ನದೇ ತೊಗಟೆ, ತನ್ನದೇ ಗಡುಸಾದ ಬೀಜ. ಹೀಗೆ ಬೀಜವೂ ತೊಗಟೆಯೂ ಹೆಚ್ಚಾಗಿರುವುದರಿಂದಲೇ, 100 ಗ್ರಾಂ ರಾಸ್ಪ್‌ಬೆರಿಯಲ್ಲಿ 12 ಗ್ರಾಂ ಶರ್ಕರಪಿಷ್ಟವಿದ್ದರೂ ಅದರಲ್ಲಿ ಆರೂವರೆ ಗ್ರಾಂ ನಾರೇ ಆಗಿ, ಲೆಕ್ಕಕ್ಕೆ ಬರುವುದು ಐದೂವರೆ ಗ್ರಾಂ ಮಾತ್ರ. ಬ್ಲ್ಯಾಕ್‌ಬೆರಿಯದೂ ಇಂಥದೇ ರಚನೆ. ಅದರಲ್ಲಿ ಉಳಿಯುವುದು ಐದು ಗ್ರಾಮಿಗಿಂತಲೂ ಕಡಿಮೆ. ಹಲ್ಲಿನ ಸಂದಿಯಲ್ಲಿ ಸಿಕ್ಕಿ ಕಾಡುವ ಆ ಬೀಜಗಳನ್ನು ಸೋಸಿ ರಸವನ್ನಷ್ಟೇ ಕುಡಿಯುವವರು ಹಣ್ಣಿನ ಸಾರವತ್ತಾದ ಭಾಗವನ್ನೇ ಕೈಬಿಡುತ್ತಾರೆ.

ಸ್ಟ್ರಾಬೆರಿಯಲ್ಲಿ ನಾರು ಅಷ್ಟಿಲ್ಲ. ಆದರೆ ಅದರ ತೂಕದಲ್ಲಿ ನೂರಕ್ಕೆ ತೊಂಬತ್ತು ಭಾಗ ನೀರು. ಮಧ್ಯಮ ಗಾತ್ರದ ಎಂಟು ಹಣ್ಣುಗಳು ಸುಮಾರು 100 ಗ್ರಾಂ ತೂಗುತ್ತವೆ; ನಾರನ್ನು ಕಳೆದರೆ ಅವುಗಳಲ್ಲಿ ಆರು ಗ್ರಾಂ ಶರ್ಕರಪಿಷ್ಟ, ಜೊತೆಗೆ ಸುಮಾರು 59 ಮಿಲಿಗ್ರಾಂ ವಿಟಮಿನ್ ಸಿ. ಚಳಿಗಾಲದಲ್ಲಿ ಮಹಾಬಳೇಶ್ವರ, ಪಂಚಗಣಿಗಳ ತೋಟದಿಂದ ನಮ್ಮ ಪೇಟೆಗಳಿಗೂ ಬರುವ ಈ ಹಣ್ಣನ್ನೇ, ದೊರೆಯುವಿಕೆಯನ್ನೂ ಬೆಲೆಯನ್ನೂ ಗಮನಿಸಿ, ನಮ್ಮವರಿಗೆ ಮೊದಲ ಆಯ್ಕೆಯಾಗಿ ಹೇಳಲು ನಾನು ಹಿಂಜರಿಯುವುದಿಲ್ಲ. ಕೀರ್ತಿಯಲ್ಲಿ ಇವೆಲ್ಲವನ್ನೂ ಮೀರಿಸಿದ ಬ್ಲೂಬೆರಿಯನ್ನಾದರೋ ಎಚ್ಚರಿಕೆಯಿಂದ ಅಳೆಯಬೇಕು. ಅಮೆರಿಕದ ನ್ಯೂಜೆರ್ಸಿಯಲ್ಲಿ ಎಲಿಜಬೆತ್ ವೈಟ್ ಎಂಬಾಕೆಯೂ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ಲನೂ ಕಾಡಿನ ಪೊದೆಗಳಲ್ಲಿ ದೊಡ್ಡ ಹಣ್ಣಿನವುಗಳನ್ನು ಆಯ್ದು ಬೆಳೆಸಿ, 1916ರಲ್ಲಿ ಮೊದಲ ಫಸಲನ್ನು ಮಾರಿದ ಈ ಹಣ್ಣಿನ 100 ಗ್ರಾಮಿನಲ್ಲಿ, ನಾರನ್ನು ಕಳೆದ ಮೇಲೆಯೂ 12 ಗ್ರಾಂ ಉಳಿಯುತ್ತದೆ, ಸ್ಟ್ರಾಬೆರಿಯ ಇಮ್ಮಡಿ. ನಿಷಿದ್ಧವೇನಲ್ಲ, ಒಂದು ಹಿಡಿ ಸಾಕು.

ಈ ವಿಷಯದಲ್ಲಿ ನಾಲಗೆಯು ವಿಶ್ವಾಸಾರ್ಹ ಸಾಕ್ಷಿಯಲ್ಲ. ಬಾಯಲ್ಲಿಡಲಾಗದಷ್ಟು ಹುಳಿಯಾದ ಹಸಿ ಕ್ರ್ಯಾನ್‌ಬೆರಿಯಲ್ಲಿಯೂ ಮಧುರವಾದ ಸ್ಟ್ರಾಬೆರಿಯಲ್ಲಿಯೂ ಇರುವ ಸಕ್ಕರೆಯ ಅಂತರ 100 ಗ್ರಾಮಿಗೆ ಒಂದು ಗ್ರಾಮಿನಷ್ಟೇ. ಒಂದರಲ್ಲಿ ಆಮ್ಲವು ಸಿಹಿಯನ್ನು ಮರೆಮಾಡಿದರೆ, ಇನ್ನೊಂದರಲ್ಲಿ ಪರಿಮಳವು ಅದನ್ನು ಹೆಚ್ಚಿಸಿ ತೋರಿಸುತ್ತದೆ.

ನಮ್ಮ ನೇರಳೆಹಣ್ಣು ಮಧುಮೇಹಕ್ಕೆ ಮದ್ದೆಂಬ ಪ್ರತೀತಿ ಪ್ರಾಚೀನವಾದುದು. ಆದರೆ ಆ ಪ್ರತೀತಿಯು ಬಹುಮಟ್ಟಿಗೆ ಬೀಜದ ಪುಡಿಗೆ ಸಂಬಂಧಿಸಿದುದು. ತಿರುಳಿನ 100 ಗ್ರಾಮಿನಲ್ಲಿ 14-15 ಗ್ರಾಂ ಶರ್ಕರಪಿಷ್ಟವಿರುವುದರಿಂದ ಅದನ್ನು ಬ್ಲೂಬೆರಿಯ ಸಾಲಿನಲ್ಲಿಯೇ ಇರಿಸತಕ್ಕದ್ದು. ರೇಷ್ಮೆಹುಳುವಿಗೆ ಸೊಪ್ಪು ನೀಡುವ ಹಿಪ್ಪುನೇರಳೆಯ ಹಣ್ಣಿನಲ್ಲಿ ಉಳಿಯುವುದು ಸುಮಾರು ಎಂಟು ಗ್ರಾಂ. ಸೊಪ್ಪಿಗಾಗಿ ಮೇಲಿಂದ ಮೇಲೆ ಕೊಯ್ಯುವ ಗಿಡಗಳಲ್ಲಿ ಹಣ್ಣು ಮಾಗುವುದಕ್ಕೆ ಆಸ್ಪದ ಕಡಿಮೆಯಾದರೂ, ಬಿಟ್ಟುದನ್ನು ಪಥ್ಯದವರು ಮಿತವಾಗಿ ತಿನ್ನಬಹುದು. ಬೆಟ್ಟದ ನೆಲ್ಲಿಯನ್ನು ಹಾಗೆಯೇ ಕಚ್ಚಿ ತಿನ್ನುವುದು ಉತ್ತಮ. ಸಕ್ಕರೆಪಾಕದಲ್ಲಿ ಮುಳುಗಿ ಮುರಬ್ಬವಾದ ನೆಲ್ಲಿಕಾಯಿಗೆ ಈ ಪಥ್ಯದಲ್ಲಿ ಎಡೆಯಿಲ್ಲ.

ಒಣಗಿಸಿದ ಹಣ್ಣಿನ ಸ್ಥಿತಿಯೂ ಅದೇ. ಅಂಗಡಿಯ ಒಣ ಕ್ರ್ಯಾನ್‌ಬೆರಿಯಲ್ಲಿ ನೀರು ಹೋಗಿ, ಹುಳಿಯನ್ನು ಮುಚ್ಚಲು ಸಕ್ಕರೆ ಸೇರಿರುವುದರಿಂದ, 100 ಗ್ರಾಮಿಗೆ ಶರ್ಕರಪಿಷ್ಟವು 80 ಗ್ರಾಂ ಮೀರುತ್ತದೆ. ಹೆಪ್ಪುಗಟ್ಟಿಸಿದ ಹಣ್ಣು, ಸಕ್ಕರೆ ಬೆರೆಸಿರದಿದ್ದರೆ, ತಾಜಾ ಹಣ್ಣಿಗೆ ಸಮಾನ. ವಿದೇಶದ ಪೊಟ್ಟಣಗಳನ್ನು ಓದುವಾಗ ಒಂದಂಶವನ್ನು ನೆನಪಿಡಬೇಕು: ಅಮೆರಿಕದ ಚೀಟಿಯಲ್ಲಿ ಒಟ್ಟು ಶರ್ಕರಪಿಷ್ಟದೊಳಗೆ ನಾರೂ ಸೇರಿರುತ್ತದೆ, ಯೂರೋಪಿನದರಲ್ಲಿ ನಾರನ್ನು ಮೊದಲೇ ಬೇರ್ಪಡಿಸಿರುತ್ತಾರೆ, ಅಲ್ಲಿ ಮತ್ತೊಮ್ಮೆ ಕಳೆದರೆ ಲೆಕ್ಕವೇ ತಪ್ಪುತ್ತದೆ. ಇನ್ಸುಲಿನ್ನನ್ನಾಗಲಿ ಸಕ್ಕರೆ ಇಳಿಸುವ ಮಾತ್ರೆಯನ್ನಾಗಲಿ ತೆಗೆದುಕೊಳ್ಳುತ್ತಿರುವವರು ಅನ್ನ, ಮುದ್ದೆಗಳನ್ನು ಹಠಾತ್ತನೆ ತಗ್ಗಿಸಿದಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯುವ ಸಂಭವವುಂಟು. ಅವರು ಯಾವ ಹಣ್ಣನ್ನು ಆರಿಸುವುದಕ್ಕೂ ಮೊದಲು ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಹೊಂದಿಸಿಕೊಳ್ಳಬೇಕು.