ಗಿಂಡಿ ಕಾಡಿನ ಬಯಲು ರಂಗ

ಮಾರ್ಗಳಿ ಮಾಸದ ಚೆನ್ನೈಯನ್ನು ನಾವೆಲ್ಲ ಬಲ್ಲೆವು. ಮ್ಯೂಸಿಕ್ ಅಕಾಡೆಮಿಯಿಂದ ಮೈಲಾಪುರದ ಸಣ್ಣ ಸಭಾಗಳವರೆಗೆ ಬೆಳಗಿನಿಂದ ರಾತ್ರಿತನಕ ಕಛೇರಿಯೋ ಕಛೇರಿ. ಅದು ಮುಗಿಯುತ್ತ ಬರುವ ಹೊತ್ತಿಗೆ ಊರಿನ ದಕ್ಷಿಣದಲ್ಲಿ, ಗಿಂಡಿ ಕಾಡಿನ ಮಗ್ಗುಲಲ್ಲಿ, ಇನ್ನೊಂದು ಸಂಗೀತದ ಹಂಗಾಮು ಏಳುತ್ತದೆ. ಐಐಟಿ ಮದ್ರಾಸಿನ ವಿದ್ಯಾರ್ಥಿಗಳು ನಡೆಸುವ ‘ಸಾರಂಗ್’ ಉತ್ಸವ ಅದು. ಅದರ ಜೀವವಿರುವುದು ಅಲ್ಲಿನ ಓಪನ್ ಏರ್ ಥಿಯೇಟರಿನಲ್ಲಿ. ಕ್ಯಾಂಪಸ್ಸಿನವರ ಬಾಯಲ್ಲಿ ಅದು ಬರೀ ‘ಓಎಟಿ’.

ಪಶ್ಚಿಮ ಜರ್ಮನಿಯ ನೆರವಿನಿಂದ 1959ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಸಿಕ್ಕಿದ್ದು ಗಿಂಡಿ ಅರಣ್ಯದ ಆರುನೂರಕ್ಕೂ ಹೆಚ್ಚು ಎಕರೆ ನೆಲ. ಇಂದಿಗೂ ಅಲ್ಲಿ ಚುಕ್ಕೆ ಜಿಂಕೆ, ಕೃಷ್ಣಮೃಗಗಳಿವೆ. ಹಾಸ್ಟೆಲುಗಳಿಗೆ ನದಿಗಳ ಹೆಸರು. ನಮ್ಮ ಕಾವೇರಿ, ಶರಾವತಿ, ತುಂಗಾ, ಭದ್ರಾ ಎಲ್ಲವೂ ಅಲ್ಲಿವೆ. ಮರಗಳ ನಡುವಿನ ಈ ಬಯಲು ರಂಗಕ್ಕೆ ಚಾವಣಿಯಿಲ್ಲ, ಅಲಂಕಾರವೂ ಇಲ್ಲ. ವೇದಿಕೆಯ ಮುಂದೆ ಕಮಾನಿನಂತೆ ಬಾಗಿ ಮೇಲೇರುವ ಕಾಂಕ್ರೀಟ್ ಮೆಟ್ಟಿಲುಗಳಲ್ಲಿ ಸುಮಾರು ಏಳು ಸಾವಿರ ಜನ ಕೂರಬಹುದು. ಶನಿವಾರದ ರಾತ್ರಿ ಇದೇ ಮೆಟ್ಟಿಲುಗಳಲ್ಲಿ ಕೂತು ಸಿನಿಮಾ ನೋಡುವುದು ಅಲ್ಲಿನ ಹಳೆಯ ಪದ್ಧತಿ.

ಉತ್ಸವ 1974ರಲ್ಲಿ ಆರಂಭವಾದಾಗ ಅದರ ಹೆಸರು ‘ಮಾರ್ಡಿ ಗ್ರಾ’. ಸಾರಂಗ್ ಆದದ್ದು ತೊಂಬತ್ತರ ದಶಕದಲ್ಲಿ. ಪ್ರಾಯೋಜಕರನ್ನು ಹುಡುಕುವುದು, ಬ್ಯಾಂಡುಗಳೊಡನೆ ಮಾತುಕತೆ, ವೇದಿಕೆ, ವಸತಿ, ಗೇಟಿನ ಕಾವಲು ಎಲ್ಲವೂ ಹುಡುಗ ಹುಡುಗಿಯರದೇ ಹೊಣೆ. ಕಂಪನಿಯೊಂದು ನಡೆಸುವ ಕಾರ್ಯಕ್ರಮದಲ್ಲಿ ಯಾರ ಹಾಡು ಹೆಚ್ಚು ಮಾರಾಟವಾಗುತ್ತದೆ ಎಂಬ ಲೆಕ್ಕ ಮೊದಲು ಬರುತ್ತದೆ. ಇಲ್ಲಿ ತಮಗೆ ಯಾರನ್ನು ಕೇಳಬೇಕು ಅನ್ನಿಸುತ್ತದೆ ಎಂಬುದಕ್ಕೂ ಜಾಗವಿದೆ. 2009ರಲ್ಲಿ ಸ್ವೀಡನ್ನಿನ ‘ಓಪೆಥ್’ ಭಾರತದಲ್ಲಿ ತನ್ನ ಮೊದಲ ಕಛೇರಿಯನ್ನು ಈ ಕಾಲೇಜು ರಂಗದಲ್ಲಿ ಕೊಟ್ಟದ್ದು ಹೀಗೆಯೇ ಎಂದು ನಾನು ನಂಬುತ್ತೇನೆ.

ಓಪೆಥ್ ಸುಲಭದ ಬ್ಯಾಂಡ್ ಅಲ್ಲ. ಹಾಡು ಹಲವು ಸಲ ಹತ್ತು ನಿಮಿಷ ಮೀರುತ್ತದೆ. ಗಂಟಲು ಸೀಳುವ ಆರ್ಭಟ ಥಟ್ಟನೆ ನಿಂತು ಅಕೂಸ್ಟಿಕ್ ಗಿಟಾರಿನ ಎರಡು ತಂತಿ ಮಾತ್ರ ಉಳಿಯುತ್ತದೆ. ಮತ್ತೆ ಯಾವಾಗ ಸಿಡಿಯುತ್ತದೋ ಹೇಳಲಾಗದು. ಅವರನ್ನು ಮೆಟಲ್ ಎಂದು ಕರೆಯುವುದು ರೂಢಿ. ಆದರೆ ಬೇರು ಇನ್ನೂ ಹಿಂದಕ್ಕೆ, ಅರವತ್ತರ ಕೊನೆಯ ಸೈಕೆಡೆಲಿಕ್ ರಾಕ್ ಮತ್ತು ಅದರಿಂದ ಕವಲೊಡೆದ ಪ್ರೋಗ್ರೆಸಿವ್ ರಾಕ್‌ಗೆ ಇಳಿದಿದೆ. ನಾಯಕ ಮೈಕೆಲ್ ಓಕರ್‌ಫೆಲ್ಟ್ ಆ ಕಾಲದ ರೆಕಾರ್ಡುಗಳನ್ನು ಹುಡುಕಿ ಕೂಡಿಡುವವರು. 2001ರ ‘ಬ್ಲ್ಯಾಕ್‌ವಾಟರ್ ಪಾರ್ಕ್’ ಆಲ್ಬಮ್ಮಿಗೆ ಅವರು ಇಟ್ಟದ್ದು ಎಪ್ಪತ್ತರ ದಶಕದ ಜರ್ಮನ್ ಬ್ಯಾಂಡೊಂದರ ಹೆಸರು. ಚೆನ್ನೈಗೆ ಬಂದಾಗ 2008ರ ‘ವಾಟರ್‌ಶೆಡ್’ ಇನ್ನೂ ಹೊಸತು. ಅವರಿಗಾಗಿ ಬೆಂಗಳೂರಿನಿಂದ ಕಪ್ಪು ಟೀ ಶರ್ಟಿನ ಹುಡುಗರು ಬಸ್ಸು, ರೈಲು ಹಿಡಿದು ಹೋದರು.

ಇಂಥ ಸಂಗೀತಕ್ಕೆ ಮೆಟ್ಟಿಲ ರಂಗವೇ ತಕ್ಕ ಜಾಗ. ಗೋಡೆಗಳಿಲ್ಲದ ಕಡೆ ಸದ್ದು ಮರಳಿ ಬಂದು ಕಲಸಿಹೋಗುವುದಿಲ್ಲ. ಸಾಲುಗಳು ಮೇಲೇರುವುದರಿಂದ ಹಿಂದಿನವರ ಕಿವಿಗೂ ಸ್ಪೀಕರಿಗೂ ನಡುವೆ ತಲೆಗಳ ಅಡ್ಡಿಯಿಲ್ಲ; ಮೆಲುದನಿಯ ಗಿಟಾರ್ ಕೊನೆಯ ಮೆಟ್ಟಿಲಿಗೂ ಮುಟ್ಟುತ್ತದೆ. ಬೆಂಗಳೂರಿನ ಅರಮನೆ ಮೈದಾನದಲ್ಲಿ 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದರು. ಅವು ಮರೆಯುವಂಥ ರಾತ್ರಿಗಳಲ್ಲ. ಆದರೂ ಆ ಸಮತಟ್ಟು ನೆಲದಲ್ಲಿ ಹಿಂದೆ ನಿಂತವರ ಪಾಲಿಗೆ ದಕ್ಕುವುದು ಪರದೆ ಮತ್ತು ಧೂಳು. ನಮ್ಮಲ್ಲೂ ಮೆಟ್ಟಿಲ ರಂಗಗಳಿವೆ: ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ, ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರ. ದಸರೆಯ ಯುವ ಸಂಭ್ರಮಕ್ಕೆ ಗಂಗೋತ್ರಿಯ ಆ ಮೆಟ್ಟಿಲುಗಳು ತುಂಬುವುದನ್ನು ಕಂಡಾಗಲೆಲ್ಲ, ಅಲ್ಲಿಗೂ ಒಂದು ಓಪೆಥ್ ಬರಲಿ ಎಂದು ಮನಸ್ಸು ಹಂಬಲಿಸುತ್ತದೆ. ರಾತ್ರಿಯಿಡೀ ಕೂತು ಯಕ್ಷಗಾನ ನೋಡುವ ನಾಡಿಗೆ ಹನ್ನೆರಡು ನಿಮಿಷದ ಹಾಡು ಯಾವ ಲೆಕ್ಕ?

ಮದ್ರಾಸಿಗೆ ರಾಕ್ ಸಂಗೀತ ಹೊಸದಾಗಿ ಬಂದದ್ದೂ ಅಲ್ಲ. ಎಪ್ಪತ್ತರ ದಶಕದ ಹೆಸರಾಂತ ರಾಕ್ ಬ್ಯಾಂಡ್ ‘ಹ್ಯೂಮನ್ ಬಾಂಡೇಜ್’ನಲ್ಲಿ ಇದ್ದವರು ಸುರೇಶ್ ಮತ್ತು ರಮೇಶ್ ಶೋಥಂ ಸೋದರರು. ಮದ್ರಾಸಿನಲ್ಲಿ ಹುಟ್ಟಿದ, ಡ್ರಮ್ಸ್ ಬಾರಿಸುತ್ತಿದ್ದ ರಮೇಶ್, ಮುಂದೆ ತವಿಲ್ ಕಲಿಯಲು ಬೆಂಗಳೂರಿಗೆ, ಟಿ.ಎ.ಎಸ್. ಮಣಿಯವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ಗೆ ಬಂದರು. ಆಮೇಲೆ ಜರ್ಮನಿಯಲ್ಲಿ ನೆಲೆಸಿದರು. 1969ರಲ್ಲಿ ಮ್ಯೂನಿಕ್‌ನಲ್ಲಿ ಹುಟ್ಟಿದ ಸೈಕೆಡೆಲಿಕ್ ಬ್ಯಾಂಡ್ ‘ಎಂಬ್ರಿಯೊ’ ಎಪ್ಪತ್ತರ ದಶಕದ ಕೊನೆಗೆ ಬಸ್ಸಿನಲ್ಲಿ ನೆಲದ ಹಾದಿ ಹಿಡಿದು ಭಾರತಕ್ಕೆ ಬಂದಾಗ, ಮಣಿಯವರ ಇದೇ ಕಾಲೇಜಿನ ಕಲಾವಿದರೊಡನೆ ನುಡಿಸಿತು. ಮೃದಂಗ, ಘಟ, ಕೊನ್ನಕ್ಕೋಲುಗಳ ಜತೆ ಎಲೆಕ್ಟ್ರಿಕ್ ಗಿಟಾರ್ ಕೂತ ಆ ಧ್ವನಿಮುದ್ರಿಕೆಗಳನ್ನು ಕನ್ನಡಿಗರು ಇನ್ನಷ್ಟು ಕೇಳಬೇಕು.

ಕಾಡಿನೊಳಗೆ ಇಷ್ಟು ಸದ್ದು ತರವೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಯಲಿನ ಧ್ವನಿವರ್ಧಕಗಳಿಗೆ ರಾತ್ರಿ ಹತ್ತರ ಗಡಿ ಇರುವುದು ಜಿಂಕೆಗಳಿಗೂ ಒಳ್ಳೆಯದು, ಕಛೇರಿ ಹೊತ್ತಿಗೆ ಸರಿಯಾಗಿ ಶುರುವಾಗುವುದಕ್ಕೂ ಒಳ್ಳೆಯದು. ಸಾರಂಗ್ ಪ್ರತಿ ಜನವರಿಯಲ್ಲಿ ನಡೆಯುತ್ತದೆ. ಹೊರಗಿನವರಿಗೂ ಪ್ರವೇಶವಿದೆ, ಮುಂಚೆಯೇ ಟಿಕೆಟ್ ಮಾಡಿಸಿಕೊಳ್ಳಬೇಕು. ಮುಖ್ಯ ದ್ವಾರ ಇರುವುದು ಅಡ್ಯಾರಿನ ಬಳಿ, ಸರ್ದಾರ್ ಪಟೇಲ್ ರಸ್ತೆಯಲ್ಲಿ. ಅಲ್ಲಿಂದ ಒಳಗೆ ಮರಗಳ ಕೆಳಗೆ ಸಾಕಷ್ಟು ದೂರ ನಡೆಯಬೇಕಾದ್ದರಿಂದ ಹೊತ್ತು ಮುಳುಗುವ ಮೊದಲೇ ಹೊರಡಿ. ನಡುವಿನ ಮೆಟ್ಟಿಲುಗಳು ಬೇಗ ತುಂಬುತ್ತವೆ.