ಐವತ್ತು ಚದರಡಿಯ ಲೆಕ್ಕ

ಈ ಸಲ ಮನೆಗಂದಾಯ ಕಟ್ಟಿದ ಮೇಲೆ ರಸೀದಿಯನ್ನು ಯಾಕೋ ಪೂರ್ತಿ ಓದಿದೆ. ಇಷ್ಟು ವರ್ಷ ಓದಿದ್ದಿಲ್ಲ. ಕೊನೆಯ ಮೊತ್ತ ನೋಡಿ, ಉಸ್ಸೆಂದು, ಮಡಚಿ ಬೀರುವಿಗೆ ಸೇರಿಸುವುದಷ್ಟೇ ರೂಢಿ. ತೆರಿಗೆಯ ಕೆಳಗೆ ಸೆಸ್ ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಬಿಡಿಸಿದರೆ ಒಳಗೆ ತರಹೇವಾರಿ ಬಾಬತ್ತುಗಳು. ಆರೋಗ್ಯಕ್ಕೆ ತೆರಿಗೆಯ ಶೇ 15, ಗ್ರಂಥಾಲಯಕ್ಕೆ ಶೇ 6. ಆಮೇಲೆ ಶೇ 3, ಭಿಕ್ಷುಕರ ಬಾಬ್ತು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ ಹಾಕಿಕೊಟ್ಟ ಲೆಕ್ಕ ಅದು. ಮನೆಯಿದ್ದವರೆಲ್ಲ ತಮಗೆ ಗೊತ್ತಿಲ್ಲದೆಯೇ ಮನೆಯಿಲ್ಲದವರ ಹೆಸರಲ್ಲಿ ಪ್ರತಿ ವರ್ಷ ದುಡ್ಡು ಕೊಡುತ್ತಿದ್ದಾರೆ.

ಎಷ್ಟು? ಐದು ಸಾವಿರ ರೂಪಾಯಿ ಕಂದಾಯ ಬೀಳುವ ಮನೆಗೆ ವರ್ಷಕ್ಕೆ 150 ರೂಪಾಯಿ. ದಿನಕ್ಕೆ 41 ಪೈಸೆ. ಅಷ್ಟು ಸಣ್ಣ ನಾಣ್ಯಗಳು ಈಗ ಚಲಾವಣೆಯಲ್ಲೇ ಇಲ್ಲ. ಆದರೆ ಅಂಥ ಹತ್ತು ಲಕ್ಷ ಮನೆಗಳಿವೆ ಅಂದುಕೊಳ್ಳಿ, ಹದಿನೈದು ಕೋಟಿ ಆಯಿತು. ದಾನ ಅಂತ ಕೇಳಿಕೊಂಡು ಬಾಗಿಲಿಗೆ ಬಂದಿದ್ದರೆ ಇದರ ಕಾಲುಭಾಗವೂ ಹುಟ್ಟುತ್ತಿರಲಿಲ್ಲ. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿರುವ ನಿರಾಶ್ರಿತರ ಪರಿಹಾರ ಕೇಂದ್ರ, ಹಳಬರ ಬಾಯಲ್ಲಿ ಈಗಲೂ ‘ಬೆಗ್ಗರ್ಸ್ ಕಾಲೊನಿ’, ನಡೆಯುವುದು ಇಂಥ ಪೈಸೆಗಳಿಂದ.

ಕಾಯ್ದೆಯ ಹೆಸರು ಮಾತ್ರ ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ರಸ್ತೆ ಬದಿ ಮಲಗುವವನನ್ನು ನಮ್ಮ ಕಾನೂನು ಮೊದಲು ಗುರುತಿಸಿದ್ದು ಭಿಕ್ಷುಕ ಅಂತ, ಹಿಡಿದು ಒಳಗಿಡಬೇಕಾದವನು ಅಂತ. ಆದರೆ ರಾತ್ರಿ ಹನ್ನೊಂದರ ಮೇಲೆ ಕೆ.ಆರ್. ಮಾರ್ಕೆಟ್ ಸುತ್ತ ನಡೆದಾಡಿದವರಿಗೆ ಗೊತ್ತು: ಅಲ್ಲಿ ಮಲಗಿದವರಲ್ಲಿ ಕೈಯೊಡ್ಡುವವರು ಕಡಿಮೆ, ಮೂಟೆ ಹೊರುವವರು ಜಾಸ್ತಿ. ಕಲ್ಯಾಣ ಮಂಟಪದಲ್ಲಿ ಪಾತ್ರೆ ತೊಳೆದು ಬಂದವರು, ಗಾರೆ ಕೆಲಸದವರು, ಹಳೇ ರಟ್ಟು ಆಯುವವರು. ನಾವು ಉಣ್ಣುವ ಮದುವೆ ಊಟದ ಎಲೆ ಎತ್ತಿದವರೇ ಅವರು.

ಇಂಥವರು ದೇಶದಲ್ಲಿ ಎಷ್ಟು ಜನ? ಎಣಿಸಿದ್ದು ಒಂದೇ ರಾತ್ರಿ. 2011ರ ಫೆಬ್ರುವರಿ 28, ಸೋಮವಾರ. ಆ ತಿಂಗಳ 9ರಿಂದ ಮನೆಮನೆ ಸುತ್ತಿದ್ದ ಗಣತಿದಾರರು ಅಂದು ರಾತ್ರಿ ಮನೆಯಿಲ್ಲದವರನ್ನು ಹುಡುಕಿಕೊಂಡು ಹೊರಟರು. ಗಣತಿಯ ಪ್ರಕಾರ ವಸತಿರಹಿತ ಅಂದರೆ ಫುಟ್‌ಪಾತಿನಲ್ಲಿ, ಹ್ಯೂಮ್ ಪೈಪಿನಲ್ಲಿ, ಮೇಲ್ಸೇತುವೆ ಅಡಿಯಲ್ಲಿ, ಮೆಟ್ಟಿಲ ಕೆಳಗೆ, ಗುಡಿಯ ಹೊರಾಂಗಣದಲ್ಲಿ, ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಇರುವವರು. ಹ್ಯೂಮ್ ಪೈಪ್ ಎಂಬ ಪದ ಸರ್ಕಾರಿ ವ್ಯಾಖ್ಯೆಯೊಳಗೇ ಕೂತಿದೆ. ಯಾರೋ ಕಣ್ಣಾರೆ ಕಂಡು ಬರೆದಿರಬೇಕು. ಸಿಕ್ಕಿದ್ದು 17,73,040 ಜನ. ಸುಮಾರು 680 ಭಾರತೀಯರಿಗೆ ಒಬ್ಬರು. ತುಂಬಿ ತುಳುಕುವ ಒಂದು ಎಕ್ಸ್‌ಪ್ರೆಸ್ ರೈಲಿಗೆ ಇಬ್ಬರು.

ಆ ಜನಗಣತಿಗೆ ದೇಶ ಇಳಿಸಿದ್ದ ಸಿಬ್ಬಂದಿ ಸುಮಾರು 27 ಲಕ್ಷ. ಅಂದರೆ ಬೀದಿಯಲ್ಲಿ ಸಿಕ್ಕವರಿಗಿಂತ ಗಣತಿಯ ಸಿಬ್ಬಂದಿಯೇ ಒಂದೂವರೆ ಪಟ್ಟು! ಅವರು ತಲೆಗೊಬ್ಬರನ್ನು ಕೈಹಿಡಿದು ಮನೆಗೆ ಕರೆದೊಯ್ದಿದ್ದರೂ ಒಂಬತ್ತು ಲಕ್ಷ ಮಂದಿ ಬರಿಗೈಲಿ ಹಿಂದಿರುಗಬೇಕಾಗುತ್ತಿತ್ತು.

ಹದಿನೇಳು ಮುಕ್ಕಾಲು ಲಕ್ಷ ಅಂದರೆ ಮನಸ್ಸಿಗೆ ಏನೂ ಆಗುವುದಿಲ್ಲ. ಹಾಗಾಗಿ ಅವರನ್ನು ಚಾಪೆ ಹಾಸಿ ಮಲಗಿಸಿ ನೋಡಿದೆ. ಆರಡಿಯ ಚಾಪೆ, ಒಬ್ಬರ ಕಾಲಿಗೆ ಇನ್ನೊಬ್ಬರ ತಲೆ. ಸಾಲು 3,240 ಕಿಲೋಮೀಟರು ಆಗುತ್ತದೆ. ಕನ್ಯಾಕುಮಾರಿಯಿಂದ ಹೆದ್ದಾರಿ 44ರ ಉದ್ದಕ್ಕೂ ಮಲಗಿಸುತ್ತ ಹೊರಟರೆ ಬೆಂಗಳೂರು, ಹೈದರಾಬಾದು, ನಾಗಪುರ, ದೆಹಲಿ ಎಲ್ಲ ದಾಟಿ ಪಂಜಾಬಿನೊಳಗೆ ಕೊನೆಯ ಚಾಪೆ.

ಇದೇ ಲೆಕ್ಕವನ್ನು ಅಡ್ಡಕ್ಕೆ ಹಾಕಿದಾಗ ಮಾತ್ರ ನಾನು ಪೆನ್ನು ಕೆಳಗಿಟ್ಟೆ. ನಗರ ವಸತಿರಹಿತರ ಆಶ್ರಯ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2013ರಲ್ಲಿ ಗೊತ್ತುಮಾಡಿದ ಕನಿಷ್ಠ ಜಾಗ ತಲೆಗೆ 50 ಚದರಡಿ. ಒಂದು ಕಾರು ನಿಲ್ಲಿಸಲು ನಮ್ಮ ಅಪಾರ್ಟ್‌ಮೆಂಟುಗಳು ಬಿಡುವ ಜಾಗ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ. ಸುಮಾರು 135 ಚದರಡಿ. ಒಂದು ಕಾರು ಮಲಗುವಲ್ಲಿ ಎರಡೂವರೆ ಮನುಷ್ಯರು ಮಲಗಬಹುದು. ತಲೆಗೆ ಐವತ್ತರಂತೆ ಇಡೀ ದೇಶದ ವಸತಿರಹಿತರಿಗೆ ಬೇಕಾಗುವುದು 2,035 ಎಕರೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದ ಆವರಣವೇ ಸುಮಾರು 4,000 ಎಕರೆ. ಕಾಶ್ಮೀರದಿಂದ ಕೇರಳದ ತನಕ ಚೆದುರಿ ಬಿದ್ದಿರುವ ಅಷ್ಟೂ ಜನ, ಒಬ್ಬರ ಮೈಗೆ ಒಬ್ಬರು ತಾಗದಂತೆ, ಮಹಡಿ ಕಟ್ಟದೆ, ಹೆಚ್ಚುಕಡಿಮೆ ಅದರ ಅರ್ಧದಲ್ಲಿ ಹಿಡಿಸುತ್ತಾರೆ.

ಅದೇ ಗಣತಿ ಖಾಲಿ ಕಟ್ಟಡಗಳನ್ನೂ ಲೆಕ್ಕ ಹಾಕಿತ್ತು. ಬೀಗ ಹಾಕಿ ಯಾರೂ ಬಳಸದೆ ಬಿಟ್ಟವು 2.47 ಕೋಟಿ. ಅಂಗಡಿ, ಗೋದಾಮು ಆಗಬಹುದಾದವೂ ಅದರಲ್ಲಿ ಸೇರಿವೆ, ಆ ಮಾತು ಬೇರೆ. ಆದರೂ ಭಾಗಿಸಿದರೆ ಮನೆಯಿಲ್ಲದ ಒಬ್ಬೊಬ್ಬರ ಪಾಲಿಗೆ ಹೆಚ್ಚುಕಡಿಮೆ ಹದಿನಾಲ್ಕು ಬೀಗ.

ಇನ್ನೊಂದು ಅಂಕಿ ಹೇಳದಿದ್ದರೆ ಕಥೆ ಅರ್ಧ. 2001ರಲ್ಲಿ ಹಳ್ಳಿಗಳಲ್ಲಿ 11.65 ಲಕ್ಷ ವಸತಿರಹಿತರಿದ್ದರು. ಹತ್ತು ವರ್ಷದಲ್ಲಿ ಅದು 8.35 ಲಕ್ಷಕ್ಕೆ ಇಳಿಯಿತು. ಪಟ್ಟಣಗಳಲ್ಲಿ 7.79 ಲಕ್ಷವಿದ್ದದ್ದು 9.38 ಲಕ್ಷಕ್ಕೆ ಏರಿತು. ಒಟ್ಟು ಲೆಕ್ಕ ಒಂದಿಷ್ಟು ಇಳಿಯಿತು, ಉಳಿದಂತೆ ಬೀದಿ ಬದಲಾಯಿತು ಅಷ್ಟೆ. 2021ರ ಗಣತಿ ನಡೆಯಲೇ ಇಲ್ಲ. ಮುಂದಿನದಕ್ಕೆ ಗೊತ್ತಾಗಿರುವ ಆಧಾರ ದಿನ 2027ರ ಮಾರ್ಚ್ 1. ಅಲ್ಲಿಯವರೆಗೂ ಆ ಸೋಮವಾರ ರಾತ್ರಿಯದೇ ಲೆಕ್ಕ.

ಆಶ್ರಯ ಕೇಂದ್ರಗಳ ಮಾತು ಶುರುವಾದದ್ದೂ ಒಂದು ಚಳಿಗಾಲದಲ್ಲಿ. 2009ರ ಡಿಸೆಂಬರಿನಲ್ಲಿ ದೆಹಲಿಯ ಪೂಸಾ ರಸ್ತೆಯಲ್ಲಿದ್ದ ತಾತ್ಕಾಲಿಕ ಆಶ್ರಯವೊಂದನ್ನು ಕೆಡವಿದರು. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಆಯುಕ್ತರಾಗಿದ್ದ ಎನ್.ಸಿ. ಸಕ್ಸೇನಾ ಮತ್ತು ಹರ್ಷ ಮಂದರ್ ನ್ಯಾಯಾಲಯಕ್ಕೆ ಪತ್ರ ಬರೆದರು. 2010ರಲ್ಲಿ ಆದೇಶಗಳು ಹೊರಬಿದ್ದವು: ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದು ಆಶ್ರಯ, ವರ್ಷವಿಡೀ, ಹಗಲೂ ರಾತ್ರಿ ತೆರೆದಿರಬೇಕು. 2011ರಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಅಂದರೆ 84 ಕೇಂದ್ರ. ನೂರರಂತೆ 8,400 ಹಾಸಿಗೆ. ಎಲ್ಲ ಕೂಡಿದರೂ ಹತ್ತೆಕರೆ ದಾಟದು, 240 ಎಕರೆಯ ಲಾಲ್‌ಬಾಗಿನ ಒಂದು ಮೂಲೆ. ಆದೇಶ ಬಂದು ಹತ್ತು ವರ್ಷ ಕಳೆದರೂ ನಗರ ಆ 84ರ ಹತ್ತಿರಕ್ಕೂ ಸುಳಿಯಲಿಲ್ಲ. ಇರುವಷ್ಟನ್ನು ನಡೆಸುವ ಹೊಣೆ ಹೆಚ್ಚಾಗಿ ಸ್ವಯಂಸೇವಾ ಸಂಸ್ಥೆಗಳ ತಲೆ ಮೇಲಿದೆ.

ಇಷ್ಟೆಲ್ಲ ಗುಣಾಕಾರ ಮಾಡಿಕೊಂಡು ಒಂದು ರಾತ್ರಿ ಮಾರ್ಕೆಟ್ಟಿಗೆ ಹೋದೆ. ಅಂಗಡಿಯೊಂದರ ಶಟರ್ ಎಳೆಯುವುದನ್ನೇ ಕಾದಿದ್ದ ಅರವತ್ತರ ಆಸುಪಾಸಿನ ಒಬ್ಬರು ಮೆಟ್ಟಿಲ ಮೇಲೆ ಫ್ರಿಜ್ಜಿನ ರಟ್ಟು ಬಿಡಿಸಿ, ಅದರ ಮೇಲೆ ಸಿಮೆಂಟ್ ಚೀಲ ಹಾಸಿ, ಚಪ್ಪಲಿ ಎರಡನ್ನೂ ಟವಲಿನಲ್ಲಿ ಸುತ್ತಿ ತಲೆದಿಂಬು ಮಾಡಿಕೊಂಡರು. ಚಪ್ಪಲಿ ಹೊರಗಿಟ್ಟರೆ ಬೆಳಗ್ಗೆ ಇರುವುದಿಲ್ಲ. ಆಧಾರ್ ಕಾರ್ಡು ಪ್ಲಾಸ್ಟಿಕ್ ಕವರಿನೊಳಗೆ, ಸೊಂಟದ ದಾರಕ್ಕೆ.

‘ಯಜಮಾನ್ರೇ, ಮನೆ?’ ಅಂದೆ.

‘ಮನಿ ಅದರಿ ಸರ, ಲಿಂಗಸೂಗೂರ ಕಡೆ. ಅಲ್ಲಿ ಕೆಲಸ ಇಲ್ರಿ. ಇಲ್ಲಿ ಕೆಲಸ ಅದ, ಮನಿ ಇಲ್ಲ.’

ಇವರನ್ನು ಯಾವ ಕಾಲಮ್ಮಿಗೆ ಹಾಕುವುದು?

ಅವರ ಲೆಕ್ಕ ನನ್ನದಕ್ಕಿಂತ ಚುರುಕಾಗಿತ್ತು. ಇಂದಿರಾ ಕ್ಯಾಂಟೀನಿನಲ್ಲಿ ತಿಂಡಿ ಐದು, ಮಧ್ಯಾಹ್ನ ಹತ್ತು, ರಾತ್ರಿ ಹತ್ತು; ಹೊಟ್ಟೆಗೆ 25 ರೂಪಾಯಿ. ಶೌಚಾಲಯಕ್ಕೆ ಎರಡು ಸಲ ಹೋದರೆ ಹತ್ತು, ಸ್ನಾನಕ್ಕೆ ಇಪ್ಪತ್ತು, ಅಲ್ಲಿಗೆ 30. ‘ತಿನ್ನೋದಕ್ಕಿಂತ ತೊಳಕೊಳ್ಳೋದು ತುಟ್ಟಿ ನೋಡ್ರಿ’ ಅಂದು ನಕ್ಕರು. ಹಾಗಾಗಿ ಸ್ನಾನ ಎರಡು ದಿನಕ್ಕೊಮ್ಮೆ.

ನಿದ್ದೆಯ ಲೆಕ್ಕ ಅವರು ಹೇಳಲಿಲ್ಲ, ನಾನೇ ಹಾಕಿಕೊಂಡೆ. ಹನ್ನೊಂದಕ್ಕೆ ಶಟರ್ ಇಳಿದ ಮೇಲೆ ಮೆಟ್ಟಿಲು ಅವರದು. ಮೂರಕ್ಕೆ ಹೂವಿನ ಗಾಡಿಗಳು ಬಂದರೆ ಮತ್ತೆ ಅಲ್ಲ. ನಾಲ್ಕು ಗಂಟೆ. ನಾನು ಮಲಗುವುದು ಎಂಟು ತಾಸು. ದಿನಕ್ಕೆ ನಾಲ್ಕು ಗಂಟೆಯ ಈ ಕೊರತೆಯನ್ನು ವರ್ಷಕ್ಕೆ ಕೂಡಿದರೆ 1,460 ಗಂಟೆ, ಅರವತ್ತು ಇಡೀ ದಿನ. ಆ ಮೆಟ್ಟಿಲ ಮೇಲೆ ವರ್ಷ ಕಳೆದವನು ನನಗಿಂತ ಎರಡು ತಿಂಗಳು ಹೆಚ್ಚು ಎಚ್ಚರವಾಗಿರುತ್ತಾನೆ.

ಮೂರೂ ಕಾಲಿಗೆ ಚೆಂಡುಹೂವಿನ ಮೊದಲ ಟೆಂಪೊ ಹಾರನ್ ಹೊಡೆಯಿತು. ಅವರು ಎದ್ದರು, ರಟ್ಟು ಮಡಚಿದರು, ಗಂಟು ಕಟ್ಟಿದರು. ಗಂಟು ಹಿಡಿದುಕೊಂಡು ಮೂಟೆ ಹೊರಲಾಗುವುದಿಲ್ಲ. ಬಿಟ್ಟು ಹೋದರೆ ಕಸದ ಗಾಡಿ ಎತ್ತಿಕೊಂಡು ಹೋಗುತ್ತದೆ. ಮೂಲೆಯ ಟೀ ಗಾಡಿಯವನ ಹತ್ತಿರ ಹೋಗಿ, ಮಾತಿಲ್ಲದೆ, ಗಾಡಿಯ ಕೆಳಗೆ ನೂಕಿದರು. ಬಗ್ಗಿ ನೋಡಿದೆ. ಹಾಲಿನ ಕ್ರೇಟುಗಳ ಹಿಂದೆ ಇನ್ನೂ ಗಂಟುಗಳು: ಕೆಂಪು ಸೀರೆಯದೊಂದು, ಶಾಲಾ ಬ್ಯಾಗೊಂದು, ರಸಗೊಬ್ಬರದ ಚೀಲಗಳು.

‘ಎಷ್ಟಿದೆ ಅಣ್ಣಾ?’ ಕೇಳಿದೆ.

‘ಈಗ ಹನ್ನೊಂದು ಸಾರ್. ಮಳೆಗಾಲದಲ್ಲಿ ಜಾಗ ಸಾಲಲ್ಲ, ಒಳಗೆ ಗ್ಯಾಸ್ ಪಕ್ಕಾನೂ ಇಡ್ತೀನಿ.’

‘ಬಾಡಿಗೆ?’

ಸ್ಟೌ ಉರಿ ಏರಿಸುತ್ತಾ, ನನ್ನ ಮುಖವನ್ನೂ ನೋಡದೆ ಅಂದ: ‘ಏನ್ ಸಾರ್ ನೀವು, ಹನ್ನೊಂದು ಜನಾನೂ ಟೀ ಇಲ್ಲೇ ಕುಡೀತಾರಲ್ಲ.’