168ರ ಲೆಕ್ಕ

ದಿನಕ್ಕೆ 200 ಟೈಪ್‌ರೈಟರ್ ಮುಗಿಸಿದರೆ ಬೋನಸ್. ಇಂಗ್ಲೆಂಡಿನ ಲೆಸ್ಟರ್ ನಗರದ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯ ಏಷ್ಯನ್ ಕಾರ್ಮಿಕರು ಹಾಗೆಂದೇ ನಂಬಿ ದುಡಿಯುತ್ತಿದ್ದರು. ಒಪ್ಪಂದದಂತೆ 168ಕ್ಕೇ ಬೋನಸ್ ಕೊಡಬೇಕಿತ್ತು ಎಂಬ ವಿಷಯ ಅವರ ಕಿವಿಗೆ ಬಿತ್ತು. 1974ರ ಮೇ 1ರಂದು 39 ಮಂದಿ ಕೆಲಸ ಬಿಟ್ಟು ಹೊರನಡೆದರು. ಅವರ ಹಿಂದೆ ನೂರಾರು ಮಂದಿ ಬಂದರು.

ಇವರಲ್ಲಿ ಬಹಳಷ್ಟು ಜನ ಪೂರ್ವ ಆಫ್ರಿಕಾದಿಂದ ಬಂದ ಭಾರತೀಯ ಮೂಲದವರು. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡದ ಏಷ್ಯನ್ನರಿಗೆ ಜಾಗ ಖಾಲಿ ಮಾಡಲು 90 ದಿನಗಳ ಗಡುವು ಕೊಟ್ಟಾಗ, 'ನಮ್ಮೂರಿಗೆ ಬರಬೇಡಿ' ಎಂದು ಲೆಸ್ಟರ್ ನಗರಸಭೆ ಉಗಾಂಡದ ಪತ್ರಿಕೆಯಲ್ಲೇ ಜಾಹೀರಾತು ಹಾಕಿಸಿತ್ತು. ಆದರೂ ಸಾವಿರಾರು ಜನ ಬಂದರು, ಸಿಕ್ಕ ಕೆಲಸಕ್ಕೆ ಸೇರಿದರು.

ಮುಷ್ಕರದಲ್ಲಿ ಅವರಿಗೆ ಹೆಚ್ಚು ನೋವು ಕೊಟ್ಟದ್ದು ಮಾಲೀಕರಲ್ಲ, ಯೂನಿಯನ್ ಎಂದು ನನಗನ್ನಿಸುತ್ತದೆ. ತಾವೇ ಸದಸ್ಯರಾಗಿದ್ದ ಟ್ರಾನ್ಸ್‌ಪೋರ್ಟ್ ಅಂಡ್ ಜನರಲ್ ವರ್ಕರ್ಸ್ ಯೂನಿಯನ್ ಮುಷ್ಕರಕ್ಕೆ ಮಾನ್ಯತೆ ಕೊಡಲಿಲ್ಲ. ತಮ್ಮವರೊಬ್ಬರನ್ನು ಪ್ರತಿನಿಧಿಯಾಗಿ ಆರಿಸಿಕೊಳ್ಳುತ್ತೇವೆಂದರೂ ಒಪ್ಪಲಿಲ್ಲ. ಚಂದಾ ಕಟ್ಟಿದ ಸಂಘವೇ ಬೆನ್ನು ತಿರುಗಿಸಿದರೆ ಕೂಲಿಯವರು ಯಾರ ಬಾಗಿಲು ಬಡಿಯಬೇಕು? ಹಾಗಿದ್ದೂ ಸುಮಾರು ಮೂರು ತಿಂಗಳು ಹೋರಾಟ ಜಗ್ಗಲಿಲ್ಲ. ಮರುವರ್ಷ ಕಾರ್ಖಾನೆಯೇ ಮುಚ್ಚಿತು.

1976ರಲ್ಲಿ ಲಂಡನ್ನಿನ ಗ್ರನ್ವಿಕ್ ಫೋಟೊ ಸಂಸ್ಕರಣಾ ಘಟಕದಿಂದ ಗುಜರಾತಿ ಹೆಣ್ಣುಮಗಳು ಜಯಾಬೆನ್ ದೇಸಾಯಿ ಹೊರಬಂದಾಗ ಚಿತ್ರ ಬದಲಾಗಿತ್ತು. ಬಿಳಿಯ ಅಂಚೆ ನೌಕರರು ಆ ಕಂಪನಿಯ ಟಪಾಲು ಮುಟ್ಟಲಿಲ್ಲ, ಗಣಿ ಕಾರ್ಮಿಕರು ಅವಳ ಜೊತೆ ಬೀದಿಯಲ್ಲಿ ನಿಂತರು. ಆ ಹೋರಾಟವೂ 1978ರಲ್ಲಿ ಸೋತಿತು, ನಿಜ. ಆದರೆ ಸೀರೆಯುಟ್ಟ ಕೂಲಿಯವಳ ಜಗಳ ಇಡೀ ಕಾರ್ಮಿಕ ವರ್ಗದ ಜಗಳವಾಗಬಹುದೆಂದು ಬ್ರಿಟನ್ ಕಣ್ಣಾರೆ ಕಂಡಿತು.

1976ರಲ್ಲೇ ಬಂದ ಜನಾಂಗೀಯ ಸಂಬಂಧಗಳ ಕಾಯ್ದೆ, ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಎನಿಸುವ ನಿಯಮದೊಳಗೆ ಅಡಗಿದ ಭೇದಭಾವವನ್ನೂ ಅಪರಾಧದ ಕಟಕಟೆಗಲ್ಲದಿದ್ದರೂ ನ್ಯಾಯಮಂಡಳಿಯ ಮುಂದೆ ತರಲು ದಾರಿ ಮಾಡಿತು. ಅದರ ಜಾಗಕ್ಕೆ ಬಂದದ್ದು 2010ರ ಸಮಾನತೆ ಕಾಯ್ದೆ. 250ಕ್ಕಿಂತ ಕಡಿಮೆಯಿಲ್ಲದ ನೌಕರರಿರುವ ಸಂಸ್ಥೆಗಳು ಗಂಡು-ಹೆಣ್ಣಿನ ವೇತನದ ಅಂತರವನ್ನು ಪ್ರಕಟಿಸಲೇಬೇಕೆಂಬ ನಿಯಮ 2017ರಲ್ಲಿ ಬಂತು. ಜನಾಂಗವಾರು ಅಂತರಕ್ಕೂ ಅಂಥದ್ದೇ ನಿಯಮ ತರುವೆವೆಂದು ಸರ್ಕಾರ ಹೇಳಿದ್ದು 2024ರ ಜುಲೈನಲ್ಲಿ, ಲೆಸ್ಟರ್ ಮುಷ್ಕರಕ್ಕೆ 50 ವರ್ಷ ತುಂಬಿದ ಮೇಲೆ.

ಬ್ರಿಟನ್ನಿನಲ್ಲಿ ದುಡಿಯುವ ಕನ್ನಡಿಗರಿಗೆ ಒಂದು ಮಾತು. ಸಂಬಳದ ವಿಷಯ ಬಾಯಿಬಿಡಬಾರದು ಎಂದು ನಿಮ್ಮ ಕರಾರಿನಲ್ಲಿ ಬರೆದಿರಬಹುದು. ಆದರೆ ಜನಾಂಗದ ಕಾರಣಕ್ಕೆ ನಿಮಗೆ ಕಡಿಮೆ ಸಿಗುತ್ತಿದೆಯೇ ಎಂದು ತಿಳಿಯಲು ಸಹೋದ್ಯೋಗಿಯನ್ನು ವಿಚಾರಿಸಿದರೆ, 2010ರ ಕಾಯ್ದೆಯ 77ನೇ ಸೆಕ್ಷನ್ ನಿಮ್ಮ ರಕ್ಷಣೆಗಿದೆ. ಕೇಳಿ.